ಕಾರ್ಮಿನ್ ಬಾಯಿಗೆ ಸಿಗದ ತಪ್ಪು

ಬಣಕಲ್ ಹತ್ತಿರದ ತೋಟದಲ್ಲಿ ಕಾಫಿ ಕೊಯ್ಯುವ ಕಾರ್ಮಿನ್ ಬಾಯಿಯ ಗಂಡ ಇನಾಸನನ್ನು ಆನೆ ತುಳಿದು ಕೊಂದಿತು. ಮಣ್ಣು ಮಾಡಲು ಬಂದ ಪಾದ್ರಿ, ದೇವರು ತಾನು ಪ್ರೀತಿಸುವವರನ್ನೇ ಶಿಕ್ಷಿಸಿ ತಿದ್ದುತ್ತಾನೆ ಎಂದರು. ಅವಳು ಅದನ್ನು ಪೂರ್ತಿ ನಂಬಿದಳು. ವರ್ಷ ತುಂಬುವುದರೊಳಗೆ ಒಬ್ಬಳೇ ಮಗಳು ವೀಟಾಳ ಎರಡೂ ಕಿಡ್ನಿ ಕೈಕೊಟ್ಟವು. ತನ್ನ ತಪ್ಪು ಯಾವುದೆಂದು ಹುಡುಕಿ ಒಪ್ಪಿಕೊಳ್ಳದಿದ್ದರೆ ಮಗಳೂ ಹೋಗುತ್ತಾಳೆ ಎಂದು ಅವಳಿಗೆ ಖಾತ್ರಿಯಾಯಿತು.

ಪ್ರತಿ ಶನಿವಾರ ಚರ್ಚಿಗೆ, ಪಾದ್ರಿಯ ಮುಂದೆ ಪಾಪನಿವೇದನೆಗೆ ಹೋದಳು. ತೋಟದಲ್ಲಿ ಕದ್ದ ಸೌದೆ, ಅತ್ತೆಗೆ ಬೈದದ್ದು, ಮಾಂಸ ಮುಟ್ಟಬಾರದ ತಪಸ್ಸುಕಾಲದ ಶುಕ್ರವಾರ ಹಂದಿಮಾಂಸ ತಿಂದದ್ದು, ಎಲ್ಲ ಹೇಳಿ ಮುಗಿಯಿತು. ಮಗಳ ಮುಖ, ಕಾಲು ಊದುತ್ತಲೇ ಇದ್ದವು.

“ಮಾರಾಯ್ತಿ, ನಿಮ್ ದೇವ್ರಿಗಿಂತ ನಮ್ ತೋಟದ್ ಮೇಸ್ತ್ರಿನೇ ವಾಸಿ,” ಎಂದಳು ಕೂಲಿ ಲೈನಿನ ಪಕ್ಕದ ಮನೆಯ ಕೆಂಚಮ್ಮ. “ಬೈದ್ರೂ ಯಾಕೆ ಅಂತ ಹೇಳಿ ಬೈತಾನೆ.”

ಕಾರ್ಮಿನ್ ಬಾಯಿ ಅವತ್ತಿಂದ ಅವಳ ಜೊತೆ ಮಾತು ಬಿಟ್ಟಳು.

ಮುಂದಿನ ಶನಿವಾರ ಹೇಳಲು ಏನೂ ಉಳಿದಿರಲಿಲ್ಲ. ಮಾಡದ ಹಾದರವನ್ನು ಮಾಡಿದ್ದೇನೆ ಎಂದಳು.

“ಯಾವಾಗಮ್ಮ?” ಎಂದು ಕೇಳಿದರು ಪಾದ್ರಿ.

“ಸುಳ್ಳು ಹೇಳ್ಬಿಟ್ಟೆ ಫಾದರ್. ನಿಜದ್ದೆಲ್ಲ ಖಾಲಿಯಾಯ್ತು. ಯಾವ ತಪ್ಪು ಅಂತ ನೀವಾದ್ರೂ ಹೇಳಿ, ಒಪ್ಕೋತೀನಿ.”

ಪಾದ್ರಿಗೂ ಗೊತ್ತಿರಲಿಲ್ಲ. ಸುಳ್ಳು ಹೇಳಿದ್ದಕ್ಕೆ ಹತ್ತು ಸಲ ನಮೋ ಮರಿಯಾ ಜಪ ಹೇಳಮ್ಮ ಎಂದರು.

ಮೊಣಕಾಲೂರಿ ಹತ್ತೂ ಹೇಳಿದಳು. ದೇವರ ಮನೆಯಲ್ಲೇ ಕೂತು ದೇವರಿಗೆ ಸುಳ್ಳು ಹೇಳಿದ ಪಾಪ ಈಗ ಹೊಸದಾಗಿ ಸೇರಿತ್ತು. ಇದಕ್ಕೆ ಶಿಕ್ಷೆಯಾಗಿ ಅವನು ಯಾರನ್ನು ಮುಟ್ಟುತ್ತಾನೆ ಎಂದು ಅವಳು ಕೇಳಬೇಕಾಗಿರಲಿಲ್ಲ.