ಗಾಲಿಯ ಸದ್ದು ಕೇಳುವ ಸರ್ವರಬಿ

ಅಥಣಿಯಿಂದ ಕಾಗವಾಡಕ್ಕೆ ಹೋಗುವ ರಸ್ತೆಯ ಎಡಬದಿಯಲ್ಲಿ, ಊರು ಮುಗಿಯಿತು ಅನ್ನುವಷ್ಟರಲ್ಲಿ, ನಬಿಸಾಬನ ಟೈರಿನ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಗೋಣಿತಟ್ಟಿನ ಪರದೆ. ಪರದೆಯ ಈಚೆಗೆ ನಬಿಸಾಬನ ರಾಜ್ಯ, ಆಚೆಗೆ ಅವನ ಹೆಂಡತಿ ಸರ್ವರಬಿಯದು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಮಿರಜ ಕಡೆಯ ಲಾರಿಯವರ ಜೊತೆ ತಕರಾರಾದರೆ ಮರಾಠಿ. ಈ ಮೂರೂ ಭಾಷೆಗಳು ದಿನಾ ಆ ಪರದೆಯನ್ನು ದಾಟಿ ಓಡಾಡುತ್ತಿದ್ದವು. ಸರ್ವರಬಿ ಮಾತ್ರ ದಾಟುತ್ತಿರಲಿಲ್ಲ. ದಾಟಬೇಡ ಎಂದು ಯಾರೂ ಹೇಳಿರಲಿಲ್ಲ. ದಾಟುವಂಥ ಕಾರಣ ಬಂದಿರಲಿಲ್ಲ, ಅಷ್ಟೆ.

ಅವಳು ರಾಯಬಾಗದವಳು. ಅಪ್ಪ ಹುಸೇನಮಿಯಾ ಚಕ್ಕಡಿ ಹೂಡಿಕೊಂಡು ಚಿಕ್ಕೋಡಿ ಪೇಟೆಗೆ ಬೆಲ್ಲ ಸಾಗಿಸುತ್ತಿದ್ದ. ಸಂಜೆ ಚಕ್ಕಡಿಗಳು ಒಂದರ ಬೆನ್ನಿಗೆ ಒಂದು ಊರು ಹೊಕ್ಕಾಗ, ಅಪ್ಪನ ಗಾಲಿ ಯಾವುದೆಂದು ಸರ್ವರಬಿ ಒಲೆಯ ಮುಂದೆ ಕೂತಲ್ಲಿಂದಲೇ ಹೇಳಿ ಚಹಾಕ್ಕೆ ನೀರಿಡುತ್ತಿದ್ದಳು. ಎಡಗಾಲಿಯ ಅಚ್ಚಿಗೆ ಎಣ್ಣೆ ಬೇಕು ಅನ್ನುವುದನ್ನೂ ಅಪ್ಪ ಇಳಿಯುವ ಮೊದಲೇ ಹೇಳಿಬಿಡುತ್ತಿದ್ದಳು. ಹುಡುಗಿಗೆ ಇಂಥ ಕಿವಿ ಯಾಕೆ ಬೇಕಿತ್ತು ಎಂದು ಅವಳ ತಾಯಿ ಗೊಣಗುತ್ತಿದ್ದಳು. ದೇವರು ಕೊಟ್ಟಿದ್ದನ್ನು ತಾಯಂದಿರಿಗೆ ಗೊಣಗಿ ವಾಪಸು ಕಳಿಸಲಾಗುವುದಿಲ್ಲವಲ್ಲ.

ಮದುವೆಯಾಗಿ ಬಂದ ಮೇಲೆ ಆ ಕಿವಿಗೆ ಹಬ್ಬವೇ ಆಯಿತು. ಯಾಕೆಂದರೆ ಆ ಕಾಲಕ್ಕೆ ಅಥಣಿಯಲ್ಲಿ ಗಾಲಿಯ ಸದ್ದು ಕೇಳಿ ರೋಗ ಹೇಳುವವನೆಂದರೆ ನಬಿಸಾಬ. ಗಿರಾಕಿಯ ಪಕ್ಕ ಕೂತು, ಕಣ್ಣು ಮುಚ್ಚಿ, ಒಂದು ಸುತ್ತು ಹೋಗಿಬರುತ್ತಿದ್ದ. ಬೇರಿಂಗ್ ಹೋಗಿದ್ದರೆ ಬೀಸುಕಲ್ಲಿನ ಹಾಗೆ ಗುರುಗುಟ್ಟುತ್ತದೆ, ವೇಗ ಏರಿದಂತೆ ಸದ್ದೂ ಏರುತ್ತದೆ. ಟೈರು ಏರುಪೇರಾಗಿ ಸವೆದಿದ್ದರೆ ಡಾಂಬರಿನ ಮೇಲೆ ಒಂದು ರಾಗ, ಮಣ್ಣಿನ ಮೇಲೆ ಇನ್ನೊಂದು. ಟೈರಿನ ಸಂದಿಯಲ್ಲಿ ಕಲ್ಲು ಸಿಕ್ಕಿದ್ದರೆ ಟಿಕ್ ಟಿಕ್ ಎನ್ನುತ್ತ ಗಾಲಿಯ ಜೊತೆಗೇ ಓಡುತ್ತದೆ. ಇದನ್ನೆಲ್ಲ ಅವನು ಗಿರಾಕಿಗಳಿಗೆ ದೊಡ್ಡ ದನಿಯಲ್ಲಿ ವಿವರಿಸುತ್ತಿದ್ದ. ಪರದೆಯ ಹಿಂದೆ ರೊಟ್ಟಿ ತಟ್ಟುತ್ತಿದ್ದ ಸರ್ವರಬಿ ಗಾಡಿ ಹೊರಟಾಗಲೇ ತನ್ನ ತೀರ್ಪು ಕೊಟ್ಟುಕೊಂಡು, ಗಂಡ ತಿರುಗಿ ಬಂದು ಹೇಳಿದ್ದಕ್ಕೆ ತಾಳೆ ನೋಡುತ್ತಿದ್ದಳು. ಮೊದಮೊದಲು ತಪ್ಪುತ್ತಿತ್ತು. ಆಮೇಲೆ ತಪ್ಪುವುದು ನಿಂತಿತು. ಇದು ಅವಳೊಬ್ಬಳದೇ ಆಟ, ನಬಿಸಾಬನಿಗೂ ಗೊತ್ತಿರಲಿಲ್ಲ.

ಎಂಬತ್ತೇಳನೆಯ ಇಸವಿಯ ಕಬ್ಬಿನ ಸುಗ್ಗಿಯಲ್ಲಿ ನಬಿಸಾಬ ಲಾರಿಯೊಂದರ ಟೈರಿಗೆ ಗಾಳಿ ತುಂಬುತ್ತಿದ್ದಾಗ ಟೈರು ಸಿಡಿಯಿತು. ಗಾಲಿಯ ಕಬ್ಬಿಣದ ಬಳೆ ಹಾರಿ ಎದುರಿನ ಬೇವಿನ ಮರಕ್ಕೆ ನಾಟಿತು. ತಲೆಗೆ ಬಡಿಯಲಿಲ್ಲ, ಅಲ್ಲಾಹನ ದಯೆ. ಆದರೆ ಆ ಸಪ್ಪಳ ನಬಿಸಾಬನ ಎರಡೂ ಕಿವಿಗಳನ್ನು ಒಯ್ದುಬಿಟ್ಟಿತು. ಎದುರಿನವರ ತುಟಿ ನೋಡಿ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಅಂದಾಜು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದನಂತೆ. ನಬಿಸಾಬನೂ ಹಾಗೆಯೇ, ಏನೂ ಆಗಿಲ್ಲವೆಂಬಂತೆ ಗಿರಾಕಿಯ ಪಕ್ಕ ಕೂತು, ಕಣ್ಣು ಮುಚ್ಚಿ, ಸುತ್ತು ಹೊಡೆದು ಬರತೊಡಗಿದ. ಕೂತಲ್ಲಿ ನಡುಕ ಹತ್ತಿದರೆ ಅದು, ಹತ್ತದಿದ್ದರೆ ಇದು ಎಂದು ತೀರ್ಪು ಕೊಡುತ್ತಿದ್ದ. ಕೆಲವು ಸಲ ನಿಜವೂ ಆಗುತ್ತಿತ್ತು.

ಹೀಗಿರುವಾಗ ಮಂಗಸೂಳಿಯ ರಾವಸಾಹೇಬರ ಬಿಳಿ ಅಂಬಾಸಡರ್ ಕಾರು ಬಂತು. ರಾವಸಾಹೇಬರೆಂದರೆ ದ್ರಾಕ್ಷಿ, ಕಬ್ಬು ಎರಡೂ ಇದ್ದ ದೊಡ್ಡ ಮನೆತನ. ಅವರ ಕಾರು ಎಲ್ಲಿ ನಿಲ್ಲುತ್ತದೋ ಮಂಗಸೂಳಿಯ ಟೆಂಪೋ, ಟ್ರ್ಯಾಕ್ಟರುಗಳೂ ಅಲ್ಲೇ ನಿಲ್ಲುತ್ತವೆ. ಗಾಲಿಯಲ್ಲಿ ಏನೋ ಸದ್ದು ಎಂದು ಅವರ ಡ್ರೈವರ್ ಭೀಮಸಿ ಹೇಳಿದ. ನಬಿಸಾಬ ಸುತ್ತು ಹೊಡೆದು ಬಂದು, ಮುಂದಿನ ಎಡಗಾಲಿಯ ಬೇರಿಂಗ್ ಹೋಗಿದೆ ಎಂದ.

ಸರ್ವರಬಿಯ ಕೈಯಲ್ಲಿನ ಹಿಟ್ಟು ಕೈಯಲ್ಲೇ ಉಳಿಯಿತು. ಕಾರು ನಿಧಾನವಾಗಿ ಬಂದು ನಿಲ್ಲುವಾಗ ಕಲಕ್, ಕಲಕ್ ಎಂದಿತ್ತು. ವೇಗ ಹಿಡಿದು ಹೋದಾಗ ಸದ್ದೇ ಇರಲಿಲ್ಲ. ಓಡಿದಾಗ ಬಾಯಿ ಮುಚ್ಚುವ ಬೇರಿಂಗನ್ನು ಅವಳು ಈವರೆಗೆ ಕೇಳಿರಲಿಲ್ಲ. ಆದರೂ ಸುಮ್ಮನಿದ್ದಳು. ಕಿವಿ ಕಳೆದುಕೊಂಡವನಿಗೆ ಉಳಿದದ್ದು ಹೆಸರೊಂದು, ಅದನ್ನೂ ಹೆಂಡತಿಯೇ ಗಿರಾಕಿಯ ಎದುರು ಕಿತ್ತುಕೊಳ್ಳುವುದೇ? ರಾತ್ರಿ ಉಣ್ಣುವಾಗ ಕೈಸನ್ನೆ ಮಾಡಿ ಹೇಳಹೋದಳು. ನಬಿಸಾಬ ಮುಖ ತಿರುಗಿಸಿದ. ಕಿವುಡನ ಜೊತೆ ವಾದ ಮಾಡುವುದು ಕಷ್ಟ. ಅವನು ಆಚೆ ನೋಡಿದರೆ ಸಾಕು, ವಾದ ಮುಗಿದುಹೋಗುತ್ತದೆ.

ಬೇರಿಂಗ್ ಬದಲಾಯಿತು, ಕಾರು ಹೋಯಿತು. ವಾರದೊಳಗೆ ತಿರುಗಿ ಬಂತು. ಈ ಸಲ ರಾವಸಾಹೇಬರೇ ಬಂದಿದ್ದರು. ಅವರು ಕೂಗಾಡಿದ್ದರೆ ಸರ್ವರಬಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಆದರೆ ಆ ಸೀಮೆಯ ದೊಡ್ಡ ಮನೆತನದವರದು ಒಂದು ರೀತಿ ಉಂಟು. ಒಂದು ಅಂಗಡಿ ಬಿಡುವಾಗ ಮುಖ ತಪ್ಪಿಸಿ ಓಡಾಡುವುದಿಲ್ಲ. ಬಂದು, ಕೂತು, ಚಹಾ ಕುಡಿದು, ಹೇಳಿ ಬಿಡುತ್ತಾರೆ. ರಾವಸಾಹೇಬರು ತಾವಾಗಿಯೇ ಚಹಾ ತರಿಸಿದರು.

ಕಪ್ಪಿನತ್ತ ನೋಡುತ್ತ ಅವರು ಹೇಳಿದರು: "ಮಿಸ್ತ್ರಿ, ಸಪ್ಪಳ ಹಂಗಽ ಐತಿ. ನಿನ್ನ ಮ್ಯಾಲೆ ನನಗೇನ ಸಿಟ್ಟಿಲ್ಲ. ಮಿರಜಿಗೆ ಒಯ್ದ ತೋರಸ್ತೇನಿ. ಇನ್ನ ಮುಂದ ನಮ್ಮ ಗಾಡಿ ಎಲ್ಲಾ ಅಲ್ಲೇ ಹೊಕ್ಕಾವ. ಹೇಳದ ಹೋದ್ರ ಚೊಲೊ ಅಲ್ಲಂತ ಬಂದೆ."

ತಲೆ ಬಗ್ಗಿಸಿ ಮಾತಾಡಿದವರ ತುಟಿ ನಬಿಸಾಬನಿಗೆ ಕಾಣಲಿಲ್ಲ. ಸಾವ್ಕಾರರು ಚಹಾ ತರಿಸಿದ್ದಾರೆ, ಮೆತ್ತಗೆ ಮಾತಾಡುತ್ತಿದ್ದಾರೆ, ಅಂದ ಮೇಲೆ ಖುಷಿಯಾಗಿರಬೇಕು ಎಂದುಕೊಂಡ. ಅಗಲವಾಗಿ ನಕ್ಕು ತಲೆಯಾಡಿಸಿದ.

"ಬರೋಬ್ಬರಿ ಸಾವ್ಕಾರ್ರ, ಹಂಗಽ ಮಾಡ್ರಿ," ಎಂದ.

ಪರದೆಯ ಸಂದಿಯಿಂದ ಸರ್ವರಬಿ ಆ ನಗುವನ್ನು ನೋಡಿದಳು. ಇಷ್ಟು ವರ್ಷದ ಹೆಸರು ಎದ್ದು ಹೋಗುತ್ತಿದೆ, ಹೆಸರಿನ ಯಜಮಾನ ನಗುತ್ತ ಬೀಳ್ಕೊಡುತ್ತಿದ್ದಾನೆ. ಇನ್ನು ಸುಮ್ಮನಿರುವುದು ಮರ್ಯಾದೆಯಲ್ಲ, ಹೇಡಿತನ ಅನ್ನಿಸಿತು. ತಲೆಯ ಮೇಲೆ ಸೆರಗೆಳೆದುಕೊಂಡು, ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಸಾವ್ಕಾರ್ರ, ನೀವು ಹೇಳಿದ್ದ ಅವರಿಗೆ ಕೇಳಿಸಿಲ್ರಿ. ಟೈರ ಸಿಡದಾಗಿಂದ ಅವರಿಗೆ ಕಿವಿ ಕೇಳೂದಿಲ್ಲ."

ರಾವಸಾಹೇಬರು ಕಪ್ಪು ಕೆಳಗಿಟ್ಟರು.

"ನನಗ ಕೇಳತೈತ್ರಿ. ಮಿರಜಿಗೆ ಆಮ್ಯಾಲ ಹೋಗೂರಂತ್ರಿ. ಮದ್ಲ ಗಾಡಿ ನನ್ನ ಮುಂದ ಹಾಯಸಾಕ ಹೇಳ್ರಿ," ಎಂದಳು ಸರ್ವರಬಿ.

"ಒಳಗ ಕುಂತ ಕೇಳೂದಿಲ್ಲೇನ ವೈನಿ?" ಅತ್ತಿಗೆಯನ್ನು ಕರೆಯುವ ಹಾಗೆ ಕರೆದು ರಾವಸಾಹೇಬರು ಕೇಳಿದರು.

"ಒಳಗ ಕುಂತ್ರ ನಾಕೂ ಗಾಲಿ ಸಪ್ಪಳ ಕೂಡಿಬಿಡ್ತೈತ್ರಿ. ಹೊರಗ ಒಂದೊಂದಽ ಕೇಳತೈತಿ."

ರಸ್ತೆಯ ಅಂಚಿಗೆ ಪೇರಿಸಿಟ್ಟ ಹಳೆಯ ಟೈರುಗಳ ಮೇಲೆ ಅವಳು ಕೂತಳು. ಭೀಮಸಿ ಕಾರನ್ನು ಕಾಗವಾಡದ ಕಡೆಗೆ ಒಯ್ದ, ತಿರುಗಿಸಿ ತಂದ. ನಿಧಾನ ಹೋಗು ಎಂದಳು, ಹೋದ. ಜೋರಾಗಿ ಬಾ ಎಂದಳು, ಬಂದ. ಜೋರಾಗಿ ಓಡುವಾಗ ಸದ್ದಿಲ್ಲ, ನಿಧಾನವಾದರೆ ಕಲಕ್, ಕಲಕ್. ಹೋಗುವಾಗ ಸಣ್ಣಗೆ, ಬರುವಾಗ ದೊಡ್ಡದು. ಬರುವಾಗ ತನ್ನ ಕಡೆಗಿರುವುದು ಕಾರಿನ ಬಲಮಗ್ಗುಲು. ಮುಂದಿನ ಗಾಲಿ ತೆಪ್ಪಗೆ ದಾಟುತ್ತದೆ, ಸದ್ದು ಅದರ ಹಿಂದಿನಿಂದ ಬರುತ್ತದೆ. ಬೇವಿನ ಮರದ ಕೆಳಗೆ ಆಗಲೇ ಜನ ಸೇರಿದ್ದರು. ಅವಳು ಯಾರನ್ನೂ ನೋಡಲಿಲ್ಲ. ನಾಚಿಕೆಯಾಗುತ್ತದೆ ಅಂದುಕೊಂಡಿದ್ದಳು, ಆಗಲಿಲ್ಲ.

"ಹಿಂದಿನ ಬಲಗಾಲಿ. ಬೇರಿಂಗ್ ಅಲ್ರಿ, ಮ್ಯಾಲಿನ ಮುಚ್ಚಳದಾಗ ಏನೋ ಬಿದ್ದೈತಿ. ಜೋರ ತಿರಗುವಾಗ ಅಂಚಿಗೆ ಒತ್ತಿ ನಿಲ್ಲತೈತಿ, ಸಾವಕಾಶ ಆದ್ರ ಉಳ್ಳತೈತಿ."

ಈಗ ಎಲ್ಲರೂ ನಬಿಸಾಬನತ್ತ ನೋಡಿದರು. ಏನಾಯಿತೆಂದು ಅವನಿಗೆ ಅಷ್ಟರಲ್ಲಿ ತಿಳಿದಿತ್ತು. ತಿಳಿಯಲು ಕಿವಿ ಬೇಕಿರಲಿಲ್ಲ. ಕೈಯಲ್ಲಿ ಕಬ್ಬಿಣದ ಸಲಾಕೆ ಹಿಡಿದು, ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದ. ಸರ್ವರಬಿ ಅವನ ಎದುರಿಗೆ ಹೋಗಿ ಗಾಲಿಯನ್ನು ತೋರಿಸಿದಳು. ಅವನು ಗಾಲಿಯನ್ನು ನೋಡಲಿಲ್ಲ, ಅವಳನ್ನು ನೋಡಿದ. ಸಲಾಕೆ ಎಸೆದು ಒಳಗೆ ಹೋಗಿಬಿಡುತ್ತಾನೆ ಅನ್ನಿಸಿತು. ಹೋಗಲಿಲ್ಲ. ಮೊಳಕಾಲೂರಿ ಕೂತು, ಗಾಲಿಯ ನಡುವಿನ ಹೊಳೆಯುವ ಮುಚ್ಚಳದ ಅಂಚಿಗೆ ಸಲಾಕೆ ಕೊಟ್ಟು ಎಬ್ಬಿಸಿದ.

ಮುಚ್ಚಳದಿಂದ ಒಂದು ತಾಮ್ರದ ದುಡ್ಡು, ಒಂದು ಅರಿಷಿಣದ ಕೊಂಬು, ನಾಲ್ಕು ಎಳೆ ಹರಕು ಬಟ್ಟೆ ಬಿದ್ದವು. ನಬಿಸಾಬನ ಕೈತುಂಬ ಭಂಡಾರದ ಹಳದಿ, ಮಂಗಸೂಳಿಯ ಮಲ್ಲಯ್ಯನ ಗುಡಿಯಲ್ಲಿ ಕೊಡುವ ಅರಿಷಿಣದ ಪುಡಿ.

ಭೀಮಸಿ ತಲೆ ತುರಿಸಿಕೊಂಡ. "ಹೊಸಾ ಟೈರ ಹಾಕಿಸಿದಾಗ ಆಯಿ ಇಡಸಿದ್ರಿ ಸಾವ್ಕಾರ್ರ. ಬಾಗಲಕ್ಕ ಕಟ್ಟಿದ್ರ ಮಲ್ಲಯ್ಯ ಮನಿ ಕಾಯ್ತಾನ, ಗಾಲ್ಯಾಗ ಇಟ್ರ ಗಾಡಿ ಕಾಯ್ತಾನ ಅಂದ್ರು. ನೀವು ನಗತೀರಂತ, ನಿಮಗ ಹೇಳಬ್ಯಾಡ ಅಂದಿದ್ರು. ಗಟ್ಟಿಯಾಗಿ ಗಂಟ ಕಟ್ಟಿ ಇಟ್ಟಿದ್ನಿರಿ, ಸಪ್ಪಳ ಇದ್ರದ ಇರಬಹುದಂತ ನನಗ ಹೊಳೀಲಿಲ್ಲ."

ಆಯಿ ಅಂದರೆ ರಾವಸಾಹೇಬರ ತಾಯಿ ಗೌರಾಬಾಯಿ. ಗಂಟು ಗಟ್ಟಿ ಇರುವ ತನಕ ಗಾಲಿ ಸುಮ್ಮನಿತ್ತು, ಬಟ್ಟೆ ಸವೆದು ಹರಿದ ಮೇಲೆ ದುಡ್ಡು ಕುಣಿಯತೊಡಗಿತ್ತು. ಸರ್ವರಬಿ ಬಗ್ಗಿ, ದುಡ್ಡು ಮತ್ತು ಕೊಂಬನ್ನು ಮಣ್ಣಿಂದೆತ್ತಿ, ಸೆರಗಿನಿಂದ ಒರೆಸಿ ಕೊಟ್ಟಳು. ರಾವಸಾಹೇಬರು ಅದನ್ನು ಕಣ್ಣಿಗೊತ್ತಿಕೊಂಡು ನಕ್ಕರು.

"ಆಯಿ ನನ್ನ ಕಾಯಾಕ ಇಟ್ಟಾಳ. ನಾ ಅದನ್ನ ಹುಡಕಾಕ ಮಿರಜಿಗೆ ಹೊಂಟಿದ್ದೆ. ಇನ್ನ ಎಲ್ಲಿಗೂ ಹೋಗೂದಿಲ್ಲ ವೈನಿ, ಗಾಡಿ ಇಲ್ಲೇ ಬರ್ತಾವ."

ಅಂಗಡಿ ಉಳಿಯಿತು. ಸರ್ವರಬಿಗೆ ತನ್ನ ಬಗ್ಗೆ ಹೆಮ್ಮೆಯಾಯಿತು, ಅದನ್ನು ಮುಚ್ಚಿಡಬೇಕೆಂದೂ ಅನ್ನಿಸಲಿಲ್ಲ. ಆದರೆ ಜನ ಚದುರಿದ ಮೇಲೆ ಒಂದು ಅಂಜಿಕೆ ಹುಟ್ಟಿತು: ಅಂಗಡಿಯನ್ನೇನೋ ಉಳಿಸಿದೆ, ಗಂಡನನ್ನು ಕಳೆದುಕೊಂಡೆನೇ? ನಬಿಸಾಬ ಸಂಜೆಯ ತನಕ ಪಂಕ್ಚರ್ ಹಾಕುತ್ತ ಕೂತ. ಉಣ್ಣಲು ಕೂತಾಗ, ಇದು ಯಾವಾಗಿನಿಂದ ನಿನಗೆ ತಿಳಿಯುತ್ತದೆ ಎಂದು ಕೇಳಿದ. ಮದುವೆಯಾದಾಗಿನಿಂದ ಎಂದಳು. ಮತ್ತೆ ನನಗೆ ಯಾಕೆ ಹೇಳಲಿಲ್ಲ ಎಂದ. ಹೇಳಬಂದಾಗ ನೀನು ಮುಖ ತಿರುಗಿಸಿದೆ ಎಂದಳು. ನಬಿಸಾಬ ರೊಟ್ಟಿಯನ್ನು ಬಹಳ ಹೊತ್ತು ಅಗಿದ.

ಮರುದಿನ ಚಿಂಚಲಿಯ ಜೀಪೊಂದು ಬಂತು, ಗಾಲಿ ಗುಂಯ್‌ಗುಡುತ್ತದೆ ಎಂಬ ದೂರು. ನಬಿಸಾಬ ಕೈ ಒರೆಸಿಕೊಂಡು ಎದ್ದ. ಅಭ್ಯಾಸದಂತೆ ಜೀಪಿನ ಬಾಗಿಲಿಗೆ ಕೈ ಹಾಕಿದ. ಆಮೇಲೆ ಕೈ ತೆಗೆದ.

"ನನಗ ಕೇಳೂದಿಲ್ರಿ," ಎಂದ, ಬೀದಿಗೆಲ್ಲ ಕೇಳುವ ಹಾಗೆ. "ಸಪ್ಪಳ ನೋಡಾಕಿ ಅಕಿ. ಬಿಚ್ಚಾಂವ ನಾ."

ಆಮೇಲೆ ಮಾರುತಿ ಕಾರುಗಳು ಬಂದವು, ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗಳೂ ಅಷ್ಟು ದೂರದಿಂದ ಗಾಡಿ ತಂದರು. ಸರ್ವರಬಿ ಟೈರುಗಳ ಮೇಲೆ ಕೂತು ಗಾಡಿಗಳನ್ನು ಅತ್ತಿತ್ತ ಓಡಿಸುತ್ತಿದ್ದಳು. ಸಣ್ಣ ಕಾರುಗಳ ಸಪ್ಪಳ ಬೇರೆ, ಅದನ್ನು ಕಲಿಯುವಾಗ ಒಂದೆರಡು ಸಲ ತಪ್ಪಿದಳು, ತಪ್ಪಿದೆ ಎಂದು ಹೇಳಿಯೇ ಮತ್ತೆ ಬಿಚ್ಚಿಸಿದಳು. ಅವಳು ಕೇಳುವಾಗ ನಬಿಸಾಬ ಪಕ್ಕದಲ್ಲಿ ನಿಂತು ಗಿರಾಕಿಯ ಮುಖ ನೋಡುತ್ತಿದ್ದ. ಸದ್ದು ಹೋಗಿದೆ ಎಂದು ಖಾತ್ರಿಯಾಗಿ ಗಿರಾಕಿ ಇಳಿದು ಬಂದು, "ವೈನ್ಯಾರ ಕಿವಿ ಭಾಳ ಶಾಣ್ಯಾ ಅದಾವ ಬಿಡ್ರಿ," ಎಂದರೆ ಅವನು ಹುಬ್ಬು ಗಂಟಿಕ್ಕುತ್ತಿದ್ದ.

"ಏನಂದ್ರಿ? ಈ ಕಡೆ ಮಾರಿ ಮಾಡಿ ಹೇಳ್ರಿ."

ಗಿರಾಕಿ ಮುಖ ಕೊಟ್ಟು, ನಿಧಾನವಾಗಿ, ಇನ್ನೊಮ್ಮೆ ಹೇಳುತ್ತಿದ್ದ. ನಬಿಸಾಬ ಅರ್ಥವಾಗದವನಂತೆ ತಲೆಯಲ್ಲಾಡಿಸಿ ಹೆಂಡತಿಯ ಹೊಗಳಿಕೆಯನ್ನು ಮತ್ತೊಮ್ಮೆ ಹೇಳಿಸುತ್ತಿದ್ದ. ಅಷ್ಟು ಹೊತ್ತಿಗೆ ಅವನು ಊರಿನ ಯಾರ ತುಟಿಯನ್ನಾದರೂ ಓದಬಲ್ಲವನಾಗಿದ್ದ, ಮೊದಲ ಸಲಕ್ಕೇ ಎಲ್ಲ ತಿಳಿದಿರುತ್ತಿತ್ತು. ಅದು ಸರ್ವರಬಿಗೂ ಗೊತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ.