ಮಾವನವರ ಭುಜಕ್ಕೆ ಓದಿ ಹೇಳಿದ ಪುಸ್ತಕ

ನಮ್ಮ ಮಾವನವರ ಬಲಭುಜ ಹಿಡಿದುಕೊಂಡಿದ್ದು ದೀಪಾವಳಿಯ ಹೊತ್ತಿಗೆ. ಆಮೇಲೆ ಬೇಸಿಗೆಯವರೆಗೂ ಅವರು ಎಡಗೈಯಲ್ಲೇ ತಲೆ ಬಾಚಿಕೊಂಡರು, ಎಡಗೈಯಲ್ಲೇ ಫ್ಯಾನಿನ ಸ್ವಿಚ್ ಹಾಕಿದರು. ಅಂಗಿ ತೊಡುವಾಗ ಮಾತ್ರ ನನ್ನ ಗಂಡನನ್ನು ಕರೆದು, ಅವರು ತೋಳು ತೂರಿಸಿ ಮುಗಿಸುವವರೆಗೂ ಅವರನ್ನೇ ಬೈಯುತ್ತಿದ್ದರು. ಬೈದರೆ ನೋವು ಕಡಿಮೆಯಾಗುತ್ತದೆ ಎನ್ನುವುದು ಅವರ ಸ್ವಂತ ಚಿಕಿತ್ಸೆ.

ಮಾವನವರು ಬೆಳಗಾವಿಯವರು. ದಾದರಿನಲ್ಲಿ ನಲವತ್ತು ವರ್ಷ ಬಟ್ಟೆ ಅಂಗಡಿ ನಡೆಸಿ, ಕೊನೆಗೆ ಅದನ್ನು ಮುಚ್ಚಿ, ಗೋರೆಗಾಂವಿನ ನಮ್ಮ ಫ್ಲ್ಯಾಟಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಅತ್ತೆಯವರು ತೀರಿಕೊಂಡು ಬಹಳ ಕಾಲವಾಗಿತ್ತು. ನನ್ನ ಗಂಡ ಬೆಳಿಗ್ಗೆ ಲೋಕಲ್ ರೈಲು ಹಿಡಿದರೆ ಬರುವುದು ಕತ್ತಲಾದ ಮೇಲೆ. ನಾನು ವಿಲೆ ಪಾರ್ಲೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಮೇ ತಿಂಗಳ ರಜೆ ಬಂದಾಗ ಇಡೀ ದಿನ ಮನೆಯಲ್ಲಿ ಉಳಿದವರು ನಾವು ಮೂವರು: ನಾನು, ಮಾವನವರು ಮತ್ತು ಅವರ ಭುಜ.

ಡಾಕ್ಟರು ಅದಕ್ಕೆ ಫ್ರೋಝನ್ ಶೋಲ್ಡರ್ ಎಂದು ಹೆಸರಿಟ್ಟು, ಮಾತ್ರೆಗಿಂತ ವ್ಯಾಯಾಮವೇ ಮುಖ್ಯ ಎಂದು ಸ್ಟೇಷನ್ನಿನ ಹತ್ತಿರದ ಒಬ್ಬ ಫಿಜಿಯೋ ಹುಡುಗಿಯ ಬಳಿ ಕಳಿಸಿದರು. ಆ ಮರಾಠಿ ಹುಡುಗಿ ಒಳ್ಳೆಯವಳು, ತಾಳ್ಮೆಯವಳು. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಗೋಡೆಯ ಮೇಲೆ ನಡೆಸುತ್ತಾ ಕೈಯನ್ನು ಮೇಲೇರಿಸಬೇಕು, ಮನೆಯಲ್ಲೂ ದಿನವೂ ಮಾಡಬೇಕು ಎಂದು ತಾನೇ ಮಾಡಿ ತೋರಿಸಿದಳು. ಮಾವನವರು ಅಲ್ಲಿ ತಲೆ ಆಡಿಸಿದರು. ರಿಕ್ಷಾ ಹತ್ತಿದ ಮೇಲೆ, "ಗ್ವಾಡಿ ಹತ್ತಾಕ ನಾ ಏನು ಹಲ್ಲಿ ಏನವಾ?" ಎಂದರು. ಮನೆಯಲ್ಲಿ ಗೋಡೆಯ ಕಡೆ ಬೆನ್ನು ಹಾಕಿಯೇ ಕೂರತೊಡಗಿದರು.

ನಮ್ಮ ಮೇಲಿನ ಮಹಡಿಯಲ್ಲಿ ಉಡುಪಿ ಕಡೆಯ ಒಬ್ಬ ಆಂಟಿ ಇದ್ದಾರೆ. ಅವರ ಯಜಮಾನರದು ಅಂಧೇರಿಯಲ್ಲಿ ಹೋಟೆಲು. ಆಂಟಿಗೆ ಹಿಂದೆ ವಿಪರೀತ ಅರೆತಲೆನೋವು ಇತ್ತಂತೆ. ಮನಸ್ಸಿನಿಂದ ದೇಹವನ್ನು ಗುಣಪಡಿಸಿಕೊಳ್ಳುವ ಬಗ್ಗೆ ಯಾವುದೋ ಇಂಗ್ಲಿಷ್ ಪುಸ್ತಕ ಅವರ ಕೈಗೆ ಸಿಕ್ಕಿ, ತಲೆನೋವು ಹೋಯಿತಂತೆ. ಹೋದದ್ದು ನಿಜ, ಅದನ್ನು ಬಿಲ್ಡಿಂಗಿನವರೆಲ್ಲ ಒಪ್ಪುತ್ತಾರೆ. ಆದರೆ ಅಂದಿನಿಂದ ಬಿಲ್ಡಿಂಗಿನಲ್ಲಿ ಯಾರೂ ನಿಶ್ಚಿಂತೆಯಿಂದ ಕೆಮ್ಮುವ ಹಾಗಿಲ್ಲ. ಕೆಮ್ಮಿದರೆ ಸಂಜೆಯೊಳಗೆ ಒಂದು ಪುಸ್ತಕ ಬಂದು ಬಾಗಿಲು ತಟ್ಟುತ್ತದೆ. ಸೊಸೈಟಿ ಸೆಕ್ರೆಟರಿಯ ಉಬ್ಬಸಕ್ಕೆ ಒಂದು, ಅವರ ಹೆಂಡತಿಯ ನಿದ್ದೆಗೆ ಇನ್ನೊಂದು. ಹಿಂದಿಯವರಿಗೆ ಹಿಂದಿಯದು, ಮರಾಠಿಯವರಿಗೆ ಮರಾಠಿಯದು.

ಭುಜದ ಸುದ್ದಿ ಅವರಿಗೆ ಲಿಫ್ಟಿನಲ್ಲಿ ಗೊತ್ತಾಯಿತು. ಮಾರನೆಯ ದಿನವೇ ತಮ್ಮ ತಲೆನೋವು ಕಳೆದ ಆ ದಪ್ಪನೆಯ ಇಂಗ್ಲಿಷ್ ಪುಸ್ತಕವನ್ನೇ ಹಿಡಿದು ಬಂದರು. ಮುಖಪುಟದಲ್ಲಿ ಎರಡು ಅಂಗೈಗಳ ನಡುವೆ ಸೂರ್ಯ ಹುಟ್ಟುತ್ತಿದ್ದ.

"ಅಂಕಲ್, ಇದು ಓದ್ಲೇಬೇಕು. ನೋವು ಭುಜದಲ್ಲಿ ಇಲ್ಲ, ಮನಸ್ಸಿನಲ್ಲಿ ಉಂಟು," ಎಂದರು.

"ಹಂಗಾದ್ರ ಅಂಗಿ ಹಾಕ್ಕೊಳ್ಳುವಾಗ ಮನಸು ಯಾಕ ನೋಯೂದಿಲ್ಲವಾ?" ಎಂದು ಮಾವನವರು ಕೇಳಿದರು.

"ಅದೇ ಇದರಲ್ಲಿ ಬರ್ದದ್ದು," ಎಂದು ಆಂಟಿ ಪುಸ್ತಕವನ್ನು ಟೀಪಾಯಿಯ ಮೇಲಿಟ್ಟು ಹೋದರು.

ಮಾವನವರಿಗೆ ಕನ್ನಡ, ಮರಾಠಿ ಎರಡೂ ಚೆನ್ನಾಗಿ ಓದಲು ಬರುತ್ತದೆ. ಇಂಗ್ಲಿಷ್ ಮಾತ್ರ ಅಂಗಡಿಯ ಬಿಲ್ ಓದುವಷ್ಟು. ಹಾಗಾಗಿ ಮಧ್ಯಾಹ್ನ ಊಟವಾದ ಮೇಲೆ ಅವರು ಹಾಲಿನ ದಿವಾನದ ಮೇಲೆ ಅಡ್ಡಾಗುವುದು, ನಾನು ಪಕ್ಕದಲ್ಲಿ ಕೂತು ಒಂದೊಂದು ಪ್ಯಾರಾ ಓದಿಕೊಂಡು ಕನ್ನಡದಲ್ಲಿ ಹೇಳುವುದು ಎಂದಾಯಿತು. ಆಂಟಿಯ ಮನಸ್ಸು ನೋಯಬಾರದು ಎಂದಷ್ಟೇ ನನ್ನ ಉದ್ದೇಶವಾಗಿತ್ತು.

"ನಮ್ಮ ದೇಹ ನಮ್ಮ ಜೋಡಿ ಮಾತಾಡತೈತಂತ ಮಾವಾರ. ನಾವು ಸುಮ್ಮನ ಕೂತು ಕೇಳಬೇಕಂತ."

"ಏನ್ ಅಂತೈತಿ?"

"ಅದನ್ನ ನೀವ ಕೇಳಬೇಕು."

ಮಾವನವರು ಕುತ್ತಿಗೆ ತಿರುಗಿಸಿ ಭುಜವನ್ನು ಸ್ವಲ್ಪ ಹೊತ್ತು ನೋಡಿದರು. "ಏನೂ ಅನ್ನವಲ್ದು. ಮುಂದ ಹೇಳು."

ಮುಂದೆ, ಕಣ್ಣು ಮುಚ್ಚಿ, ಬಂಗಾರದ ಬಣ್ಣದ ಬೆಳಕು ನೋವಿನ ಜಾಗಕ್ಕೆ ಇಳಿಯುತ್ತಿದೆ ಎಂದು ಕಲ್ಪಿಸಿಕೊಳ್ಳಬೇಕಿತ್ತು. ಮಾವನವರು ಕಣ್ಣು ಮುಚ್ಚಿದರು. "ಬೆಳಕು ಎಲ್ಲಿಂದ ಬರತೈತಿ? ಕಿಡಕಿ ಹಾಕೈತಲ್ಲ," ಎಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ಗೊರಕೆ ಕೇಳಿಸಿತು.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಮರುದಿನ ಊಟದ ತಟ್ಟೆ ಎತ್ತುವ ಮೊದಲೇ ಅವರು, "ಆ ಮನಷ್ಯಾ ನಿನ್ನಿ ಎಲ್ಲಿಗೆ ನಿಲ್ಲಿಸಿದ್ದ?" ಎಂದು ಕೇಳಿದರು. ನನಗೆ ಆಶ್ಚರ್ಯವಾಯಿತು. ನಾಲ್ಕು ದಿನ ಓದಿದ ಮೇಲೆ ಅರ್ಥವಾಯಿತು. ಅವರು ನಲವತ್ತು ವರ್ಷ ಗಿರಾಕಿಗಳ ಜೊತೆ ಚೌಕಾಶಿ ಮಾಡಿ ಬಂದವರು. ಅಂಗಡಿ ಮುಚ್ಚಿದ ಮೇಲೆ ಎದುರಿಗೆ ವಾದಕ್ಕೆ ಕೂರುವವರೇ ಇರಲಿಲ್ಲ. ಮಗ ಎಲ್ಲಕ್ಕೂ ಹೂಂ ಎನ್ನುವವರು. ಈಗ ದಿನಕ್ಕೆ ಒಂದು ಗಂಟೆ, ಎದ್ದು ಹೋಗಲಾರದ ಒಬ್ಬ ಲೇಖಕ ಸಿಕ್ಕಿದ್ದ. ಅವನು ಕ್ಷಮಿಸಬೇಕು ಎಂದರೆ ಇವರು ಯಾರನ್ನು, ಯಾಕೆ ಎನ್ನುತ್ತಿದ್ದರು. ಉಸಿರನ್ನು ಗಮನಿಸು ಎಂದರೆ, ತಾನೇ ಬಂದು ಹೋಗುವುದನ್ನು ಗಮನಿಸುವುದೇನು ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅವರು ಬೇಸತ್ತು, "ಬರೇ ಮಾತ ಆತಲ್ಲವಾ. ಏನರೆ ಮಾಡು ಅಂತ ಹೇಳತಾನೋ ಇಲ್ಲೋ?" ಎಂದರು.

ಆ ಪುಟದಲ್ಲಿ ನೋವನ್ನು ಒಂದು ಸಣ್ಣ ಮಗು ಎಂದು ಭಾವಿಸಿ ತೊಟ್ಟಿಲಲ್ಲಿ ಹಾಕಿ ತೂಗಿರಿ ಎಂದಿತ್ತು. ಅದನ್ನು ಮಾವನವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಪುಸ್ತಕವನ್ನೇ ನೋಡುತ್ತಾ, "ಗ್ವಾಡಿಗೆ ಮಾರಿ ಮಾಡಿ ನಿಂದರಬೇಕಂತ. ಬೆರಳಲೆ ಗ್ವಾಡಿ ಮ್ಯಾಲ ನಡಕೋಂತ ಕೈ ಮ್ಯಾಲ ಒಯ್ಯಬೇಕಂತ," ಎಂದೆ.

ಮಾವನವರು ಎದ್ದು ಕೂತರು. "ಆ ಹುಡುಗಿನೂ ಇದನ್ನ ಹೇಳಿದ್ಲಲ್ಲ."

"ಅಕಿನೂ ಈ ಪುಸ್ತಕ ಓದಿರಬೇಕು."

"ಹಂಗಂದ್ರ ತಪ್ಪು ಅಕಿದಲ್ಲ, ಇವಂದು," ಎಂದು ಅವರು ಗೋಡೆಯ ಹತ್ತಿರ ಹೋದರು. ಇದರಿಂದ ಏನೂ ಆಗುವುದಿಲ್ಲ ಎಂದು ಲೇಖಕನಿಗೆ ಸಾಬೀತು ಮಾಡಲು ಅಂದು ಗೋಡೆ ಹತ್ತಿದರು. ನಂಬದ ಮೇಲೆ ಪೂರ್ತಿ ಪರೀಕ್ಷೆ ಮಾಡಿಯೇ ನಂಬದಿರಬೇಕು ಎಂದು ಮರುದಿನವೂ ಹತ್ತಿದರು. ಆಮೇಲೆ ಅದು ದಿನದ ಕೆಲಸವಾಯಿತು.

ನನಗೆ ಸ್ವಲ್ಪ ಆಸೆ ಹೆಚ್ಚಾಯಿತು. ಟಿವಿ ಸುದ್ದಿಯನ್ನು ದೊಡ್ಡ ದನಿಯಲ್ಲಿ ಹಾಕಿದರೆ ಕೀಲುಗಳು ಬಿಗಿಯುತ್ತವೆ ಎಂದು ಒಂದು ದಿನ ಪುಸ್ತಕದಿಂದ ಹೇಳಿಸಿದೆ. ಮಾವನವರು ಒಂದಿಷ್ಟು ವಾದಿಸಿ ಒಪ್ಪಿದರು. ಧೈರ್ಯ ಬಂದು, ಮಧ್ಯಾಹ್ನ ಮೂರನೆಯ ಸಲ ಚಹಾ ಕುಡಿಯಬಾರದು ಎಂದೂ ಹೇಳಿಸಿದೆ. ಅವರು ಖಾಲಿ ಕಪ್ಪನ್ನು ನನ್ನ ಕಡೆ ಸರಿಸಿ, "ಇಂವ ಚೊಲೊ ಚಾ ಕುಡದಿಲ್ಲ ಕಾಣತೈತಿ. ಆ ಪಾಠ ಬಿಟ್ಟು ಮುಂದ ಓದು. ಚಾ ಇಡು," ಎಂದರು.

ಹೀಗೆ ಅರ್ಧ ಪುಸ್ತಕ ಅವನದು, ಅರ್ಧ ನನ್ನದು ಆಗಿ ಸಾಗುತ್ತಿರುವಾಗ ಒಂದು ಅಧ್ಯಾಯ ಬಂತು. ಅದನ್ನು ನಾನು ಇದ್ದದ್ದು ಇದ್ದ ಹಾಗೆಯೇ ಹೇಳಿದೆ. ನೋವು ಯಾವಾಗ ಶುರುವಾಯಿತು, ಅದಕ್ಕೆ ಸ್ವಲ್ಪ ಮೊದಲು ನೀವು ಏನನ್ನು ಮಾಡುವುದು ನಿಲ್ಲಿಸಿದಿರಿ ಎಂದು ಅದರಲ್ಲಿ ಕೇಳಿತ್ತು.

ಮಾವನವರು ವಾದಿಸಲಿಲ್ಲ. ಫ್ಯಾನನ್ನು ನೋಡುತ್ತಾ ಮಲಗಿದ್ದರು. ನಾನು ಮುಂದಿನ ಪ್ಯಾರಾಕ್ಕೆ ಬೆರಳು ಸರಿಸುತ್ತಿದ್ದಾಗ, "ಥಾನ ಬಿಚ್ಚೂದು ನಿಲ್ಲಿಸಿದೆ," ಎಂದರು.

ಥಾನ ಎಂದರೆ ಕತ್ತರಿಸದ ಇಡೀ ಬಟ್ಟೆಯ ಸುತ್ತು. ಅಂಗಡಿಯಲ್ಲಿ ಅದನ್ನು ಮೇಲಿನ ಖಾನೆಯಿಂದ ಎಳೆದು, ಗಿರಾಕಿಯ ಮುಂದೆ ಒಂದೇ ಬೀಸಿಗೆ ಬಿಚ್ಚಿ ಹಾಸುವುದು ಅವರ ಕೆಲಸವಾಗಿತ್ತು. ದಿನಕ್ಕೆ ಎಷ್ಟೋ ಸಲ, ಅದೇ ಬಲಗೈಯಲ್ಲಿ.

"ಹೆಣ್ಣಮಕ್ಕಳು ಅರಿವಿ ನೋಡೂದಿಲ್ಲವಾ," ಎಂದರು. "ಅದು ಹೆಂಗ ಬೀಳತೈತಿ ಅನ್ನೂದನ್ನ ನೋಡತಾರ. ಒಂದು ಚಾದರ ಕೊಡು."

ನಾನು ಮಡಿಸಿಟ್ಟಿದ್ದ ಹಾಸಿಗೆಯ ಚಾದರ ತಂದುಕೊಟ್ಟೆ. ಅವರು ಎಡಗೈಯ ಮೇಲೆ ಅದನ್ನು ಇಟ್ಟುಕೊಂಡು, ಯಾರೋ ಎದುರಿಗೆ ಕೂತಿದ್ದಾರೆ ಎನ್ನುವ ಹಾಗೆ ಸ್ವಲ್ಪ ಬಾಗಿ, ಬಲಗೈ ಬೀಸಿದರು. ಚಾದರ ಅರ್ಧ ಬಿಚ್ಚಿ, ಟೀಪಾಯಿಯ ಮೇಲಿನ ಚಹಾದ ಕಪ್ಪನ್ನು ಕರೆದುಕೊಂಡು ನೆಲಕ್ಕೆ ಬಿತ್ತು. ಮಾವನವರು ಭುಜ ಹಿಡಿದುಕೊಂಡು ಕುಸಿದು ಕೂತರು. ಅವರ ಕಣ್ಣಲ್ಲಿ ನೀರಿತ್ತು. "ನೋವಿಗೆ," ಎಂದರು. ನಾನು ಹೌದು ಎಂದೆ. ಆದರೆ ಅವರ ಕೈ ಆ ಒಂದು ಕ್ಷಣ ಕ್ಲಿನಿಕ್ಕಿನಲ್ಲಿ ಎಂದೂ ಏರದ ಎತ್ತರಕ್ಕೆ ಏರಿದ್ದನ್ನು ನಾನು ನೋಡಿದ್ದೆ.

ಮಾರನೆಯ ದಿನ ಪುಸ್ತಕ ಬಿಚ್ಚಿ, "ನಾವು ಯಾವ ಕೆಲಸ ಮಾಡತಿದ್ವೋ ಅದನ್ನ ದಿನಾ ಒಂದೀಟು, ನೋಯದಂಗ ಹಗರಕ ಮಾಡಬೇಕಂತ," ಎಂದೆ.

"ಈಗ ಅವಂಗ ಬುದ್ಧಿ ಬಂತು," ಎಂದರು ಮಾವನವರು.

ಅಂದಿನಿಂದ ಮನೆಯ ಚಾದರಗಳೆಲ್ಲ ಸರದಿಯಂತೆ ಹಾಲಿನಲ್ಲಿ ಬಿಚ್ಚಿಕೊಂಡವು. ಅವರು ಬಿಚ್ಚುವುದು, ನಾನು ಮಡಿಸುವುದು. ಮೊದಮೊದಲು ಸೊಂಟದ ಎತ್ತರ, ಆಮೇಲೆ ಎದೆಯ ಎತ್ತರ. ನನ್ನ ಗಂಡ ಒಂದು ಭಾನುವಾರ ಇದನ್ನು ನೋಡಿ, ಬಾಗಿಲಲ್ಲೇ ನಿಂತು, "ಲಾಂಡ್ರಿ ಹಾಕಿವೇನು?" ಎಂದು ಕೇಳಿ ಅಪ್ಪನಿಂದ ಬೈಸಿಕೊಂಡರು.

ತೊಡಕಾದದ್ದು ಆಂಟಿ ಬಂದಾಗ. ನಾನು ಅಡುಗೆಮನೆಯಲ್ಲಿ ಉಪ್ಪಿಟ್ಟು ತಿರುವುತ್ತಿದ್ದೆ. ಹಾಲಿನಲ್ಲಿ ಮಾವನವರು ಚಾದರದ ಪಾಠವನ್ನು ಲೇಖಕನ ಹೆಸರಿನಲ್ಲಿ ಅವರಿಗೆ ವಿವರಿಸುತ್ತಿರುವುದು ಕೇಳಿಸಿತು. ನನ್ನ ಕೈಯಲ್ಲಿ ಸೌಟು ನಿಂತಿತು. ಆಮೇಲೆ ಆಂಟಿಯ ದನಿ ಬಂತು: "ಹೌದು ಹೌದು, ಆ ಚಾಪ್ಟರ್ ಬಹಳ ಡೀಪ್ ಉಂಟು."

ಒಂದು ನಿಮಿಷದಲ್ಲಿ ಅವರು ಅಡುಗೆಮನೆಗೆ ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ದನಿ ತಗ್ಗಿಸಿ, "ನಿಮ್ಮತ್ರ ಹೇಳ್ತೇನೆ, ಬೇರೆಯವರಿಗೆ ಹೇಳ್ಬೇಡಿ. ನಾನು ಅದನ್ನು ಪೂರ್ತಿ ಓದಿದ್ದಿಲ್ಲ. ತಲೆದಿಂಬಿನ ಅಡಿ ಇಟ್ಕೊಳ್ಳುವುದು, ಬೆಳಿಗ್ಗೆ ಎಲ್ಲಿ ಓಪನ್ ಆಗ್ತದೋ ಆ ಪುಟ ಓದುವುದು. ಈ ಬೆಡ್‌ಶೀಟಿನ ಪುಟ ನನಗೆ ಯಾವತ್ತೂ ಓಪನ್ ಆಗ್ಲೇ ಇಲ್ಲ ನೋಡಿ," ಎಂದರು. ಅವರ ಮುಖದಲ್ಲಿ ನಿಜವಾದ ಬೇಸರವಿತ್ತು. ಆಗಲೇ ಹೇಳಿಬಿಡಬೇಕಿತ್ತು. ಆದರೆ ಉಪ್ಪಿಟ್ಟು ತಳ ಹಿಡಿಯುತ್ತಿತ್ತು.

ಆ ಶನಿವಾರ ನಾನು ತರಕಾರಿ ಚೀಲ ಹಿಡಿದು ಗೇಟಿನೊಳಗೆ ಬಂದಾಗ ವಾಚ್‌ಮನ್, "ಮೇಡಮ್, ಹಾಲ್ ಮೇ ಕಿಸ್ಕೀ ಶಾದೀ ಹೈ?" ಎಂದು, ಹಾಲಿನಲ್ಲಿ ಯಾರ ಮದುವೆ ಎಂದು ಕೇಳಿದ. ಸೊಸೈಟಿ ಹಾಲಿಗೆ ಇಣುಕಿ ನೋಡಿದೆ. ಬಿಲ್ಡಿಂಗಿನ ಹೆಂಗಸರೆಲ್ಲ ಸಾಲಾಗಿ ನಿಂತು ಬೆಡ್‌ಶೀಟ್ ಬೀಸುತ್ತಿದ್ದರು. ಆಂಟಿ ಎದುರಿಗೆ ನಿಂತು, "ಅಂದರ್ ಕಾ ಸಬ್ ಛೋಡ್ ದೋ," ಒಳಗಿರುವುದನ್ನೆಲ್ಲ ಬಿಟ್ಟುಬಿಡಿ ಎನ್ನುತ್ತಿದ್ದರು. ಸೆಕ್ರೆಟರಿಯ ಹೆಂಡತಿ ಹೂವಿನ ಚಾದರವೊಂದನ್ನು ಬೀಸಿ, ಅದು ಕೆಳಗೆ ಬಿದ್ದ ಮೇಲೆ ಅತ್ತರು. ಬಹಳ ಹಗುರವಾಯಿತು ಎಂದರು. ಅಲ್ಲಿಯವರೆಗೆ ಭುಜದ ಗೊಡವೆಯೇ ಇಲ್ಲದಿದ್ದ ಇಬ್ಬರಿಗೆ ಮರುದಿನದಿಂದ ಭುಜ ನೋವು ಶುರುವಾಯಿತು.

ಮಾವನವರು ಮುಂದಿನ ಶನಿವಾರ ತಾವೇ ಕೆಳಗಿಳಿದು ನೋಡಲು ಹೋದರು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರು. ಅವರಿಂದ ಸಹಿಸಲಾಗಲಿಲ್ಲ. ಒಳಗೆ ಹೋಗಿ ಒಬ್ಬರ ಕೈಯಿಂದ ಚಾದರ ತೆಗೆದುಕೊಂಡು, ಬೀಸುವುದು ತೋಳಿನಿಂದಲ್ಲ, ಮಣಿಕಟ್ಟಿನಿಂದ ಎಂದು ಹಿಂದಿ ಮರಾಠಿ ಬೆರೆಸಿ ತೋರಿಸಿದರು. ಚಾದರ ಗಾಳಿಯಲ್ಲಿ ಪೂರ್ತಿ ಬಿಚ್ಚಿ, ಒಂದು ಸುಕ್ಕಿಲ್ಲದೆ ಇಳಿಯಿತು. ಹೆಂಗಸರು ಚಪ್ಪಾಳೆ ತಟ್ಟಿದರು. ಅಂದು ರಾತ್ರಿ ಅವರು ತಾವೇ ಅಂಗಿ ತೊಟ್ಟುಕೊಂಡು ಊಟಕ್ಕೆ ಬಂದದ್ದನ್ನು ಮಗ ಗಮನಿಸಲಿಲ್ಲ, ನಾನು ಗಮನಿಸಿದೆ.

ಜೂನ್ ಮೊದಲ ವಾರ ಕ್ಲಿನಿಕ್ಕಿಗೆ ಹೋದಾಗ ಅವರ ತೋಳು ಕಿವಿಯ ಹತ್ತಿರದವರೆಗೆ ಏರಿತು. ಫಿಜಿಯೋ ಹುಡುಗಿಗೆ ಬಹಳ ಸಂತೋಷವಾಯಿತು.

"ಬಾಬಾ, ಘರೀ ಕಾಯ್ ಕರತಾ?" ಎಂದು ಕೇಳಿದಳು. ಮನೆಯಲ್ಲಿ ಏನು ಮಾಡುತ್ತೀರಿ ಎಂದು.

"ಪುಸ್ತಕ ವಾಚತೋ," ಎಂದರು ಮಾವನವರು ಗಂಭೀರವಾಗಿ.

ಬೇರೆ ರೋಗಿಗಳಿಗೂ ಓದಲು ಹೇಳುತ್ತೇನೆ, ಹೆಸರು ಕೊಡಿ ಎಂದು ಅವಳು ನನ್ನ ಕಡೆ ತಿರುಗಿದಳು. ನಾನು ಅವಳನ್ನು ಪರದೆಯ ಆಚೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ತನ್ನ ಮಾತು ಕೇಳದ ಮಂಡಿನೋವಿನ ಅಜ್ಜ ಒಬ್ಬರಿದ್ದಾರೆ, ಇಲ್ಲೇ ಪಕ್ಕದ ಮಲಾಡಿನಲ್ಲಿ ಮನೆ, ಮಧ್ಯಾಹ್ನ ಬಂದು ಒಂದಿಷ್ಟು ಓದಿ ಹೇಳಲು ಆಗುತ್ತದೆಯೇ ಎಂದು ಕೇಳಿದಳು. ಕಾಲೇಜು ಶುರುವಾಗುತ್ತಿದೆ ಎಂದೆ.

ಭುಜ ಸಡಿಲವಾದ ಕೀರ್ತಿ ಯಾರಿಗೆ ಸೇರಬೇಕೆಂದು ಮಾತ್ರ ಇಂದಿಗೂ ತೀರ್ಮಾನವಾಗಿಲ್ಲ. ಆಂಟಿ ಪುಸ್ತಕದಿಂದ ಎನ್ನುತ್ತಾರೆ. ಹುಡುಗಿ ಗೋಡೆಯಿಂದ ಎನ್ನುತ್ತಾಳೆ. ಇಂಥ ಭುಜ ಎಷ್ಟೋ ಸಲ ಕಾಲ ಕಳೆದಂತೆ ತಾನಾಗಿಯೇ ಬಿಡುತ್ತದೆ ಎಂದು ಡಾಕ್ಟರು ಹೇಳಿದರು. ಆ ಲೇಖಕನನ್ನು ವಾದದಲ್ಲಿ ಸೋಲಿಸಿದ್ದರಿಂದ ಎಂದು ಮಾವನವರು ನಂಬಿದ್ದಾರೆ.

ಕೊನೆಯ ಪುಟ ಓದಿ ಮುಗಿಸಿದ ಮಧ್ಯಾಹ್ನ ಅವರು ನನ್ನನ್ನು ನೋಡಿ, "ಈ ಮನಷ್ಯಾಂದು ಅರಿವಿ ಅಂಗಡಿ ಇತ್ತೇನು?" ಎಂದು ಕೇಳಿದರು.

"ಅವರ ಮಾವಂದು ಇತ್ತಂತ," ಎಂದೆ.

"ಹಾಂ, ಅದಕ್ಕ ಮತ್ತ," ಎಂದರು.

ಮಳೆ ಹಿಡಿಯುವ ಹೊತ್ತಿಗೆ ಅವರು ಗೋರೆಗಾಂವ್ ಸ್ಟೇಷನ್ನಿನ ಪಕ್ಕದ ಒಬ್ಬ ಪರಿಚಯದವರ ಬಟ್ಟೆ ಅಂಗಡಿಗೆ ಸಂಜೆ ಹೊತ್ತು ಹೋಗಿ ಕೂರತೊಡಗಿದರು. ಸಂಬಳ ಗಿಂಬಳ ಇಲ್ಲ. ಗಿರಾಕಿ ಬಂದರೆ ಎದ್ದು ತೋರಿಸುವುದು, ಅಷ್ಟೇ. ಒಂದು ಸಂಜೆ ನಾನು ಕಾಲೇಜಿನಿಂದ ಬರುವಾಗ ಹಸಿರು ಸೀರೆಗೆ ಒಂದು ಬ್ಲೌಸ್ ಪೀಸ್ ಬೇಕಾಗಿ ಅಲ್ಲಿಗೆ ಹೋದೆ. ಮಾವನವರು ನನ್ನನ್ನು ಬೇರೆ ಗಿರಾಕಿಗಳಂತೆಯೇ ಎದುರಿಗೆ ಕೂರಿಸಿ, ಚಹಾ ಹೇಳಿ, ಮೇಲಿನ ಖಾನೆಯಿಂದ ಒಂದೊಂದೇ ಥಾನ ಎಳೆದರು. ಪ್ರತಿಯೊಂದೂ ನನ್ನ ಮುಂದೆ ಅಲೆಯಂತೆ ಬಂದು ಇಳಿಯುತ್ತಿತ್ತು; ನಾನು ಬಣ್ಣ ಬಿಟ್ಟು ಅದು ಬೀಳುವುದನ್ನೇ ನೋಡುತ್ತಿದ್ದೆ. ನನ್ನ ಯಾವ ಸೀರೆಗೂ ಹೊಂದದ ಎರಡು ಬಣ್ಣದ ಪೀಸುಗಳನ್ನು ಕತ್ತರಿಸಿಸಿಕೊಂಡು ನಾನು ಮನೆಗೆ ಬಂದೆ.