ಅಟ್ಟದ ಮೇಲಿನ ಬೆಲ್ಲ

ಬೆಲ್ಲದ ಪೆಟ್ಟಿಗೆಯ ಕೀಲಿಕೈ ನನ್ನ ಕಿಸೆಯಲ್ಲೇ ಇತ್ತು. ಅಕ್ಕ ಕೇಳಿದಾಗ ಕಳೆದಿದೆ ಎಂದೆ. ನಾನು ಮಾಡಿದ್ದು ಅಷ್ಟೇ. ಅದರ ಹೊರೆಯನ್ನು ಮಾತ್ರ ಬಹಳ ವರ್ಷ ಅಕ್ಕ ಹೊತ್ತಳು.

ನಮ್ಮದು ಪಾಲಬಾವಿ ಊರು. ಮನೆಯಲ್ಲಿ ಅವ್ವ, ನಾನು, ನನ್ನ ಹೆಂಡತಿ. ಅಕ್ಕನನ್ನು ನಿಪ್ಪಾಣಿಗೆ ಕೊಟ್ಟಿತ್ತು. ಅವ್ವನ ಸಕ್ಕರೆ ಕಾಯಿಲೆ ಗುಳಿಗೆಗೆ ಬಗ್ಗದೆ ಹೋದಾಗ ಚಿಕ್ಕೋಡಿಯ ಡಾಕ್ಟರು ಇನ್ಸುಲಿನ್ ಬರೆದುಕೊಟ್ಟರು. ನಾನು ಸಾಲಿ ಕಲಿತದ್ದು ಕಡಿಮೆ. ಆದರೂ ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಸೂಜಿ ಹಾಕುವುದನ್ನು ಅಲ್ಲಿಯ ನರ್ಸ್‌ಬಾಯಿಯನ್ನು ನೋಡಿ ಕಲಿತೆ. ಕರೆಂಟಿನ ಭರವಸೆ ಇರಲಿಲ್ಲ, ಔಷಧದ ಬಾಟಲಿಯನ್ನು ಡಬ್ಬಿಯಲ್ಲಿಟ್ಟು ಮಣ್ಣಿನ ಗಡಿಗೆಯ ತಂಪಿನಲ್ಲಿ ಇಡುತ್ತಿದ್ದೆ. "ಉಣ್ಣದ ದಿನ ಸೂಜಿ ಬ್ಯಾಡ" ಎಂದು ಡಾಕ್ಟರು ಹೇಳಿದ್ದರು. ಅಕ್ಕ ಫೋನಿನಲ್ಲೂ ಅದನ್ನೇ ಹೇಳುತ್ತಿದ್ದಳು.

ಅವ್ವನಿಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಸಕ್ಕರೆ ಇಲ್ಲದ ಚಹಾ. ನಮ್ಮದೋ ಕಬ್ಬಿನ ಮನೆ, ಮೂಲೆ ಮೂಲೆಗೆ ಬೆಲ್ಲ. ಅವಳು ಕದ್ದು ತಿಂದಾಗಲೆಲ್ಲ ಬಚ್ಚಲ ಮೂಲೆಯಲ್ಲಿ, ಅವಳು ಉಚ್ಚೆಗೆ ಕೂತೆದ್ದ ಜಾಗಕ್ಕೆ, ಇರುವೆ ಸಾಲುಗಟ್ಟುತ್ತಿದ್ದವು. ಕಡೆಗೆ ಬೆಲ್ಲವನ್ನೆಲ್ಲ ತಗಡಿನ ಪೆಟ್ಟಿಗೆಗೆ ತುಂಬಿ, ಅಟ್ಟಕ್ಕೇರಿಸಿ, ಕೀಲಿ ಜಡಿದೆ.

"ನನ್ನ ಹೊಟ್ಟ್ಯಾಗ ಹುಟ್ಟಿ ನನಗ ಪೊಲೀಸ ಆಗಿಯೇನಲೇ?" ಎಂದಳು ಅವ್ವ.

"ನಾ ಏನ ಮಾಡ್ಲಿ ಬೇ? ಇರುವಿ ಬಂದು ಚಾಡಿ ಹೇಳ್ತಾವು."

ಅವ್ವ ಚಿಂಚಲಿ ಮಾಯಕ್ಕದೇವಿಯ ಭಕ್ತೆ. ಹುಣ್ಣಿಮೆಗೆ ಸಂಜೆಯತನಕ ನೀರು ಬಿಟ್ಟರೆ ಏನೂ ಮುಟ್ಟುತ್ತಿರಲಿಲ್ಲ. ಪ್ರಾಯದಲ್ಲಿ ಅವಳ ಮೈಮೇಲೆ ದೇವಿ ಬರುತ್ತಿದ್ದಳಂತೆ, ಅಪ್ಪ ಸತ್ತ ಮೇಲೆ ನಿಂತುಹೋಗಿತ್ತು. ಸೂಜಿ ಶುರುವಾದ ಮೇಲಿನ ಮೊದಲ ಹುಣ್ಣಿಮೆಗೆ ನಾನು ಎಂದಿನಂತೆ ಬೆಳಿಗ್ಗೆ ಸೂಜಿ ಹಾಕಿದೆ. ದೇವರದ್ದೂ ತಪ್ಪಬಾರದು, ಔಷಧದ್ದೂ ತಪ್ಪಬಾರದು ಎಂಬುದು ನನ್ನ ಲೆಕ್ಕ. ಮಟಮಟ ಮಧ್ಯಾಹ್ನ ಪಡಸಾಲೆಯಲ್ಲಿ ಕೂತಿದ್ದ ಅವ್ವ ಮಾತಿನ ನಡುವೆ ನಿಂತುಬಿಟ್ಟಳು. ಕುಬಸ ತೊಯ್ಯುವಷ್ಟು ಬೆವರು. ಕೈ ನಡುಗುತ್ತಿತ್ತು. ಕಣ್ಣು ನನ್ನನ್ನು ದಾಟಿ ಹಿಂದಿನ ಗೋಡೆಯಲ್ಲಿ ಯಾರನ್ನೋ ನೋಡುತ್ತಿತ್ತು. ಆಮೇಲೆ ಒಂದು ದನಿ ಬಂತು. ಅವಳದಲ್ಲ.

ಮಗ್ಗುಲ ಮನೆಯ ಆಯಿ ಓಡಿ ಬಂದು ಅವ್ವನ ಹಣೆಗೆ ಭಂಡಾರ ಬಳಿದಳು. "ತಾಯಿ ತಿರುಗಿ ಬಂದ್ಳು!" ಓಣಿಯವರು ಬಂದು ಕಾಲಿಗೆ ಬಿದ್ದರು, ಕೇಳಿಕೊಂಡರು. ಕಡೆಗೆ, ನಾನು ಅಟ್ಟದಿಂದ ಬೆಲ್ಲ ಇಳಿಸಿಕೊಟ್ಟ ಮೇಲೆ, ಕೊಬ್ಬರಿ-ಬೆಲ್ಲದ ಪ್ರಸಾದ ಬಾಯಿಗಿಟ್ಟರು. ಸ್ವಲ್ಪ ಹೊತ್ತಿಗೆ ಅವ್ವ ಸೆರಗಿನಿಂದ ಮುಖದ ಅರಿಶಿನ ಒರೆಸಿಕೊಳ್ಳುತ್ತ, "ಯಾಕ, ಎಲ್ಲಾರೂ ಇಲ್ಲೇ ಬಂದೀರಿ?" ಎಂದಳು.

ಮುಂದಿನ ಹುಣ್ಣಿಮೆಗೂ ಹೀಗೇ ಆಯಿತು. ಆಗ ನಾನು ಹತ್ತಿರ ಕೂತು ನೋಡಿದೆ. ಆರತಿಗೆ ದೇವಿ ಹೋಗಲಿಲ್ಲ, ಕಾಯಿ ಒಡೆದರೂ ಹೋಗಲಿಲ್ಲ. ಬಾಯಲ್ಲಿ ಬೆಲ್ಲ ಕರಗಿದ ಮೇಲೆಯೇ ಹೋದಳು. ಇದು ಬರಿಹೊಟ್ಟೆಗೆ ಹಾಕಿದ ಸೂಜಿಯ ಕೆಲಸ ಎಂದು ನನಗೆ ಒಳಗೊಳಗೇ ತಿಳಿಯಿತು. ತಿಳಿದೂ ಅರ್ಧ ನಂಬಿದೆ. ನಮಗೆ ಮಕ್ಕಳಿರಲಿಲ್ಲ. ನನಗೂ ಒಂದು ಕೇಳುವುದಿತ್ತು.

ಮೂರನೆಯ ಹುಣ್ಣಿಮೆಯ ಬೆಳಿಗ್ಗೆ ಸೂಜಿ ಹಿಡಿದ ಕೈ ಒಂದು ಕ್ಷಣ ತಡೆಯಿತು. ಆಮೇಲೆ ಹಾಕಿದೆ. ಬೆಲ್ಲ ಅಟ್ಟದ ಮೇಲಿಂದ ಇಳಿಸಲಿಲ್ಲ. ಉತ್ತರ ಸಿಗುವವರೆಗೆ ದೇವಿ ಇರಲಿ ಎಂದು.

ಮಧ್ಯಾಹ್ನ ಅವಳು ಬಂದಳು. ನಾನು ಕೈ ಮುಗಿದು, "ನಮಗ ಕೂಸ ಆಗತೈತೇನ್ ತಾಯಿ?" ಎಂದೆ.

ಅವ್ವ ನಿಧಾನಕ್ಕೆ ಕತ್ತು ಹೊರಳಿಸಿ ಅಟ್ಟ ನೋಡಿದಳು. "ಮ್ಯಾಲ ಕೂಸ ಅಳಾಕತ್ತೈತಿ," ಎಂದಿತು ಆ ದನಿ. "ಇಳಸೋ. ಹಸದೈತಿ."

ಸುತ್ತ ನೆರೆದವರೆಲ್ಲ ಅಟ್ಟದ ಕಡೆ ಕತ್ತೆತ್ತಿದರು. ಆಣೆ ಮಾಡಿ ಹೇಳುತ್ತೇನೆ, ಅಟ್ಟದ ಮೇಲೆ ಏನೋ ಸಣ್ಣಗೆ ಸದ್ದಾಯಿತು. ನನ್ನ ಹೆಂಡತಿ ಅಳತೊಡಗಿದಳು. "ಗಂಡೋ ಹೆಣ್ಣೋ?" ಎಂದು ನಾನು ಮತ್ತೆ ಕೇಳಿದೆ, ಮತ್ತೆ ಕೇಳಿದೆ. ಅವ್ವನ ನಾಲಿಗೆ ತೊದಲತೊಡಗಿತ್ತು.

ಅಷ್ಟರಲ್ಲಿ ನಿಪ್ಪಾಣಿಯಿಂದ ಬಂದ ಅಕ್ಕ ಕೈಚೀಲ ಹಿಡಿದೇ ಒಳಗೆ ಬಂದಳು. ಒಮ್ಮೆ ಅವ್ವನ ಮುಖ ನೋಡಿದಳು.

"ಸೂಜಿ ಹಾಕೀಯೇನ ತಮ್ಮಾ? ಬೆಲ್ಲ ಎಲ್ಲೈತಿ? ಕೀಲಿಕೈ ಕೊಡ!"

"ಎಲ್ಲೋ ಕಳದೈತಿ," ಎಂದೆ. ಇನ್ನೊಂದೇ ಮಾತು, ದೇವಿ ಇನ್ನೊಂದೇ ಮಾತು ಹೇಳಲಿ ಎಂದು.

ಅಕ್ಕ ಆಯಿಯ ಮನೆಗೆ ಓಡಿದಳು. ಸಕ್ಕರೆ ಡಬ್ಬಿ ತರುವಷ್ಟರಲ್ಲಿ ಅವ್ವ ನೆಲಕ್ಕೆ ಒರಗಿದ್ದಳು, ಹಲ್ಲು ಕಚ್ಚಿಕೊಂಡಿದ್ದವು. ಅಕ್ಕ ಬೆರಳಿನಿಂದ ಅವ್ವನ ದವಡೆಯೊಳಗೆ ಸಕ್ಕರೆ ತಿಕ್ಕಿದಳು.

"ದೇವಿ ಬಾಯಾಗ ಬೆರಳ ಹಾಕ್ತಿಯೇನ್? ಅರ್ಧಕ್ಕ ಎಬ್ಬಸ್ತಿಯೇನ್ ತಾಯಿನ್ನ?" ಎಂದು ಆಯಿ ಚೀರಿದಳು.

ಜೀಪಿನಲ್ಲಿ ಹಾಕಿಕೊಂಡು ರಾಯಬಾಗದ ದವಾಖಾನೆಗೆ ಒಯ್ದೆವು. ಅವ್ವ ಉಳಿದಳು, ಆದರೆ ಪೂರ್ತಿ ತಿರುಗಿ ಬರಲಿಲ್ಲ. ದಿನವೆಲ್ಲ ಅಟ್ಟ ನೋಡುತ್ತ ಕೂಡುತ್ತಿದ್ದಳು. "ಯಾರೋ ಒಂದ ಸವನ ಕೇಳಾಕತ್ತಾರ ತಮ್ಮಾ. ನಾ ಏನ ಹೇಳ್ಲಿ?" ಎಂದು ನನ್ನನ್ನೇ ಕೇಳುತ್ತಿದ್ದಳು. ಎರಡು ಮಳೆಗಾಲ ಹಾಗೇ ಇದ್ದು ಹೋದಳು.

ಮೈಮೇಲಿದ್ದ ದೇವರನ್ನು ಮಗಳೇ ಎಬ್ಬಿಸಿದಳು, ಅದಕ್ಕೇ ಹಿಂಗಾಯಿತು ಎಂದರು ಓಣಿಯವರು. ನನ್ನ ಹೆಂಡತಿಯೂ ಅದನ್ನೇ ನಂಬಿದಳು. ಅಕ್ಕ ಬಂದರೆ ಯಾರೂ ಕುಂಕುಮಕ್ಕೆ ಕರೆಯುತ್ತಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಕೂಸೂ ಆಗಲಿಲ್ಲ. ಆ ಪೆಟ್ಟಿಗೆಯನ್ನು ತೊಳೆದು ಖಾಲಿ ಇಟ್ಟೆ. ಖಾಲಿ ಪೆಟ್ಟಿಗೆಗೂ ಗೋಡೆ ಹಿಡಿದು ಇರುವೆ ಏರುತ್ತಲೇ ಇದ್ದವು.

ಈ ಸಲ ಅವ್ವನ ವರ್ಷದ ಎಡೆ ಇಡುವಾಗ ಅಕ್ಕ ತಟ್ಟೆ ಎತ್ತಿಕೊಂಡಳು. "ಅಕಿ ಕೈಲೆ ಬ್ಯಾಡ," ಎಂದಳು ಆಯಿ, ಎಲ್ಲರ ಎದುರಿಗೆ. ಅಕ್ಕ ತಟ್ಟೆ ಕೆಳಗಿಟ್ಟಳು. ಅದನ್ನು ಕೆಳಗಿಡುವಾಗ ಅವಳ ಬೆರಳು ನೋಡಿದೆ. ಆವತ್ತು ಅವ್ವನ ಹಲ್ಲು ನಾಟಿದ ಕಲೆ ಇನ್ನೂ ಇತ್ತು.

ಕಿಸೆಯಿಂದ ಕೀಲಿಕೈ ತೆಗೆದು ಅವಳ ಅಂಗೈಯಲ್ಲಿಟ್ಟೆ. ಪಡಸಾಲೆಗೆಲ್ಲ ಕೇಳುವ ಹಾಗೆ ಹೇಳಿದೆ:

"ಆವತ್ತ ಇದು ಕಳದಿರಲಿಲ್ಲಕ್ಕಾ. ನನ್ನ ಕಿಸೆದಾಗ ಇತ್ತು. ಸೂಜಿ ಹಾಕಿದವ ನಾನು, ಬೆಲ್ಲ ಕೊಡದವ ನಾನು. ನೀ ಅವ್ವನ್ನ ಉಳಿಸಾಕ ಓಡಿದಿ. ನಿನ್ನ ಹೆಸರ ಕೆಡಾಕತ್ತಿದ್ರ ನಾ ಸುಮ್ಮ ಕುಂತೆ. ತಪ್ಪಾತಕ್ಕಾ. ನಂದ ತಪ್ಪು."